ಅಟ್ಟದ ಸೋರೆಬುರುಡೆ ಮತ್ತೆ ಬೇಲಿಗೆ ಹಬ್ಬಲಿ

ಮಲೆನಾಡಿನ ಹಳೆಯ ಮನೆಗಳ ಅಟ್ಟ ಹತ್ತಿ ನೋಡಿದವರಿಗೆ ಹೊಗೆ ಹಿಡಿದು ಕಪ್ಪಾದ ಒಂದೆರಡು ಸೋರೆಬುರುಡೆಗಳು ಇಂದಿಗೂ ಕಣ್ಣಿಗೆ ಬೀಳುವುದುಂಟು. ಒಂದು ಕಾಲಕ್ಕೆ ಅವುಗಳಲ್ಲಿ ಮುಂದಿನ ವರ್ಷದ ಬಿತ್ತನೆ ಬೀಜವಿರುತ್ತಿತ್ತು. ಹಗ್ಗ ಬಿಗಿದ ಜೋಡಿ ಬುರುಡೆಗಳು ಊರಿನ ಎಷ್ಟೋ ಮಕ್ಕಳಿಗೆ ಕೆರೆಯಲ್ಲಿ ಈಜು ಕಲಿಸಿದವು. ಇಂದು ಆ ಬುರುಡೆಯ ಜಾಗದಲ್ಲಿ ಪ್ಲಾಸ್ಟಿಕ್ ಡಬ್ಬಿ, ಪ್ಲಾಸ್ಟಿಕ್ ಕೊಡ, ಗಾಳಿ ತುಂಬಿದ ರಬ್ಬರ್ ಟ್ಯೂಬ್ ಬಂದು ಕುಳಿತಿವೆ. ಬುರುಡೆ ಹೋದುದಷ್ಟೇ ಆಗಿದ್ದರೆ ಚಿಂತೆ ಇರಲಿಲ್ಲ. ಬುರುಡೆಯೊಡನೆ ಬುರುಡೆ ಕೊಡುವ ತಳಿಯೂ, ಆ ತಳಿಯೊಡನೆ ಅದರಿಂದ ನಾದ ಹೊರಡಿಸುವ ಕೈಗಾರಿಕೆಯೂ ಸದ್ದಿಲ್ಲದೆ ಜಾರಿಹೋಗುತ್ತಿರುವುದು ಯೋಚಿಸಬೇಕಾದ ಸಂಗತಿ.

ಜೀವವೈವಿಧ್ಯದ ರಕ್ಷಣೆಯೆಂದರೆ ಸಿಂಹಬಾಲದ ಸಿಂಗಳೀಕವನ್ನೂ ರಾಮಪತ್ರೆ ಜಡ್ಡಿಗಳನ್ನೂ ಉಳಿಸಿಕೊಳ್ಳುವುದು ಎಂಬ ತಿಳಿವಳಿಕೆ ಈಗ ಸಾಕಷ್ಟು ಹಬ್ಬಿದೆ. ಭತ್ತದ ನಾಟಿ ತಳಿಗಳ ಬಗೆಗೂ ಕಾಳಜಿ ಮೂಡಿದೆ. ಆದರೆ ಹಿತ್ತಿಲ ಬೇಲಿಯ ಮೇಲೆ ಹಬ್ಬುತ್ತಿದ್ದ, ತಿನ್ನಲು ಬಾರದ, ಮಾರಲು ಆಗದ ಒಂದು ಗಟ್ಟಿ ಸಿಪ್ಪೆಯ ಸೋರೆಯ ಬಗೆಗೆ ಯಾರೂ ಸಭೆ ಸೇರಿದ್ದಿಲ್ಲ. ಆ ಸೋರೆಯನ್ನು ಮರಳಿ ಬೆಳೆಯಬೇಕು. ಅದರಿಂದ ಮನೆಯಲ್ಲೇ, ಶಾಲೆಯಲ್ಲೇ ಸರಳ ವಾದ್ಯಗಳನ್ನು ಮಾಡಿಕೊಳ್ಳಬೇಕು. ಹಾಗೆ ಮಾಡುವುದು ಹವ್ಯಾಸಕ್ಕಿಂತ ಹೆಚ್ಚಿನ ಕೆಲಸವೆಂಬುದು ಈ ಲೇಖನದ ವಾದ.

ಒಂದು ಬಳ್ಳಿ, ಹಲವು ನಾಡು

ಸೋರೆಯ ಸಸ್ಯಶಾಸ್ತ್ರೀಯ ಹೆಸರು ಲ್ಯಾಜಿನೇರಿಯಾ ಸೈಸೆರೇರಿಯಾ. ಇದರ ಮೂಲ ನೆಲೆ ಆಫ್ರಿಕಾ. ಆದರೂ ಸುಮಾರು 10,000 ವರ್ಷಗಳ ಹಿಂದೆಯೇ ಅಮೆರಿಕ ಖಂಡದ ಜನ ಇದನ್ನು ಬಳಸುತ್ತಿದ್ದರೆಂಬುದಕ್ಕೆ ಉತ್ಖನನದ ಸಾಕ್ಷ್ಯವಿದೆ. 2014ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು, ಅಮೆರಿಕದ ಪ್ರಾಚೀನ ಸೋರೆಗಳು ಆಫ್ರಿಕಾದ ಸೋರೆಗೆ ಹತ್ತಿರದ ನೆಂಟರೆಂದೂ, ಒಣಗಿದ ಕಾಯಿಗಳು ಅಟ್ಲಾಂಟಿಕ್ ಸಾಗರದಲ್ಲಿ ತೇಲಿಕೊಂಡೇ ಆ ದಡ ಸೇರಿರಬೇಕೆಂದೂ ತೋರಿಸಿತು. ಒಣಗಿದ ಬುರುಡೆ ನೀರನ್ನು ಒಳಗೆ ಬಿಡದು, ಬೀಜವನ್ನು ಕೆಡಲು ಬಿಡದು. ಮಲೆನಾಡಿನ ಕೆರೆಯಲ್ಲಿ ಮಕ್ಕಳನ್ನು ತೇಲಿಸಿದ ಗುಣವೇ ಈ ಸಸ್ಯವನ್ನು ಸಾಗರ ದಾಟಿಸಿತು.

ಹೋದಲ್ಲೆಲ್ಲ ಅದು ಪಾತ್ರೆಯಾಯಿತು; ಅದರ ಜೊತೆಗೇ ವಾದ್ಯವೂ ಆಯಿತು. ಪಶ್ಚಿಮ ಆಫ್ರಿಕಾದ ಕೋರಾ ಎಂಬ ತಂತಿವಾದ್ಯಕ್ಕೆ ಅರ್ಧ ಹೋಳು ಮಾಡಿದ ದೊಡ್ಡ ಬುರುಡೆಯೇ ಒಡಲು. ಅಲ್ಲಿಯದೇ ಆದ ಬಾಲಾಫೋನ್ ವಾದ್ಯದಲ್ಲಿ ಮರದ ಪಟ್ಟಿಗಳ ಕೆಳಗೆ ಗಾತ್ರಕ್ಕೊಂದರಂತೆ ಬುರುಡೆಗಳನ್ನು ತೂಗುಹಾಕುತ್ತಾರೆ. ಬ್ರೆಜಿಲ್ ದೇಶದ ಬಿರಿಂಬಾವ್ ಒಂದು ಬಿಲ್ಲು, ಒಂದು ತಂತಿ, ಒಂದು ಬುರುಡೆ, ಅಷ್ಟೇ. ಭಾರತದಲ್ಲಿ ರುದ್ರವೀಣೆಗೆ ಎರಡು ಬುರುಡೆಗಳು. ಸಿತಾರಿಗೂ ತಂಬೂರಿಗೂ ಒಡಲೇ ಬುರುಡೆ. ಬಂಗಾಳದ ಬಾವುಲರ ಏಕತಾರಿಯದು ಸೋರೆಯ ಒಡಲು. ಹಾವಾಡಿಗರ ಪುಂಗಿಯ ಉಬ್ಬಿದ ಭಾಗವೂ ಸೋರೆ. ಇದೇ ಸಹ್ಯಾದ್ರಿಯ ಉತ್ತರ ತುದಿಯಲ್ಲಿ, ಮಹಾರಾಷ್ಟ್ರದ ಪಾಲ್ಘರ್ ಸೀಮೆಯ ವಾರ್ಲಿ ಜನ ಊದುವ ತಾರಪಾ ವಾದ್ಯವನ್ನು ಬುರುಡೆ, ಬಿದಿರಿನ ಕೊಳವೆ ಮತ್ತು ತಾಳೆಗರಿಗಳಿಂದ ಮಾಡುತ್ತಾರೆ. ವಾರ್ಲಿ ಚಿತ್ರಗಳಲ್ಲಿ ಸುರುಳಿಯಾಗಿ ಕುಣಿಯುವ ಜನರ ನಡುವೆ ನಿಂತು ಊದುವವನ ಕೈಯಲ್ಲಿರುವುದು ಅದೇ ತಾರಪಾ.

ಕನ್ನಡ ನಾಡಿನ ನಂಟು ಇದಕ್ಕಿಂತ ಹಗುರವಾದುದಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಕಿನ್ನರಿ ಬೊಮ್ಮಯ್ಯ ತನ್ನ ವಾದ್ಯದಿಂದಲೇ ಹೆಸರು ಪಡೆದವನು. ಬಸವಣ್ಣನವರು ತಮ್ಮ ದೇಹವನ್ನೇ ವಾದ್ಯವಾಗಿ ಕಲ್ಪಿಸಿಕೊಂಡ ಪ್ರಸಿದ್ಧ ವಚನದಲ್ಲಿ ಶಿರಸ್ಸಿಗೆ ಸಲ್ಲುವ ಹೋಲಿಕೆ ಸೋರೆಯದು. ವಾದ್ಯದ ಬುರುಡೆಗೆ 'ಸೋರೆ' ಎಂದರೆ ಸಾಕು, ಕೇಳುವವರಿಗೆ ತಿಳಿಯುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ. ಉತ್ತರ ಕರ್ನಾಟಕದ ಕಿನ್ನರಿ ಜೋಗಿಗಳು ಬಿದಿರಿನ ದಂಡಿಗೆಗೆ ಬುರುಡೆಗಳನ್ನು ಕಟ್ಟಿದ ಕಿನ್ನರಿಯನ್ನು ನುಡಿಸುತ್ತ ಅರ್ಜುನ ಜೋಗಿಯ ಕಥೆ ಹಾಡಿಕೊಂಡು ಬಂದವರು. ತತ್ತ್ವಪದಕಾರರ ಕೈಯ ಏಕತಾರಿಗೂ ಸೋರೆಗೂ ಇರುವ ಸಂಬಂಧ ಎಲ್ಲರೂ ಬಲ್ಲದ್ದೇ.

ಕಳೆದುಹೋಗುತ್ತಿರುವುದು ಯಾವುದು?

ಸೋರೆಕಾಯಿ ಇಂದು ಮಾರುಕಟ್ಟೆಯಲ್ಲಿ ಇಲ್ಲವೆಂದಲ್ಲ. ಮೊದಲಿಗಿಂತ ಹೆಚ್ಚೇ ಇದೆ. ಆದರೆ ಅದು ಬೇರೆಯ ಸೋರೆ. ತರಕಾರಿ ತಳಿಗಳನ್ನು ಆಯ್ಕೆ ಮಾಡುವಾಗ ತಜ್ಞರು ನೋಡುವುದು ಎಳೆಗಾಯಿಯ ಮೃದುತ್ವ, ಒಂದೇ ಅಳತೆ, ಸಾಗಣೆಗೆ ಒಗ್ಗುವ ಉದ್ದನೆಯ ಆಕಾರ, ಬೇಗ ಬರುವ ಫಸಲು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಬಹಾರ್ ಇಂತಹ ಒಂದು ಒಳ್ಳೆಯ ತಳಿ. ಅದರ ಹಿಂದೆ ಖಾಸಗಿ ಕಂಪೆನಿಗಳ ಸಂಕರಣ ತಳಿಗಳ ಸಾಲೇ ಬಂದಿದೆ. ಇವೆಲ್ಲ ಅಡುಗೆಗೆ ಯೋಗ್ಯ. ಎಳೆಯದಾಗಿರುವಾಗಲೇ ಕೊಯ್ದು ಮಾರುವುದರಿಂದ ಬಲಿತ ಕಾಯಿಯ ಸಿಪ್ಪೆ ಎಷ್ಟು ದಪ್ಪ, ಎಷ್ಟು ಗಟ್ಟಿ ಎಂಬ ಪ್ರಶ್ನೆ ತಳಿ ಆಯ್ಕೆಯಲ್ಲಿ ಏಳುವುದೇ ಇಲ್ಲ. ಯಾರೂ ಕೇಳದ ಗುಣ ಕೆಲವು ತಲೆಮಾರುಗಳಲ್ಲಿ ತಾನಾಗಿ ಸಡಿಲವಾಗುತ್ತದೆ.

ಇದಕ್ಕೆ ವಿರುದ್ಧವಾಗಿ ಹಳ್ಳಿಯ ಹಳೆಯ ಸೋರೆಗಳಲ್ಲಿ ಕೊಡದಂತಹದು, ಸೊಂಟ ಬಿಗಿದಂತಹದು, ಹಂಸದ ಕತ್ತಿನಂತಹದು, ಸೌಟಿನಂತಹದು, ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟದು, ತೋಳಿನಲ್ಲಿ ತಬ್ಬುವಷ್ಟು ದೊಡ್ಡದು ಎಂಬ ಭೇದಗಳಿದ್ದವು. ಪ್ರತಿಯೊಂದಕ್ಕೂ ಒಂದೊಂದು ಕೆಲಸವಿತ್ತು. ಇವುಗಳಲ್ಲಿ ಹಲವು ಕಹಿ. ಕಹಿಯಾದುದರಿಂದ ಯಾರೂ ಎಳೆಯದರಲ್ಲಿ ಕೀಳುತ್ತಿರಲಿಲ್ಲ. ಬಳ್ಳಿಯಲ್ಲೇ ಬಲಿಯಲು ಅವಕಾಶವಿತ್ತು. ಬುರುಡೆಯ ಬಳಕೆ ನಿಂತೊಡನೆ ಬಿತ್ತುವ ಕಾರಣವೂ ನಿಂತಿತು. ಸೋರೆಯ ಬೀಜ ಚೆನ್ನಾಗಿ ಒಣಗಿಸಿಟ್ಟರೆ ಕೆಲವು ವರ್ಷ ಬಾಳುತ್ತದೆ, ಆದರೆ ತಲೆಮಾರುಗಟ್ಟಲೆ ಬಾಳುವುದಿಲ್ಲ. ಅಟ್ಟದ ಬುರುಡೆಯೊಳಗೆ ಗಲಗಲ ಎನ್ನುವ ಬೀಜ ಜೀವಂತವಾಗಿದೆಯೋ ಇಲ್ಲವೋ ಎಂಬುದನ್ನು ಬಿತ್ತಿಯೇ ನೋಡಬೇಕು. ನೋಡುವ ಕಾಲ ಇದೇ. ಇನ್ನೂ ತಡವಾದರೆ ಉತ್ತರ ಒಂದೇ ಆಗಿರುತ್ತದೆ.

ಮೀರಜಿನ ಪಾಠ

ವಾದ್ಯಕ್ಕಾಗಿಯೇ ಸೋರೆ ಬೆಳೆಯುವುದು ಅಸಾಧ್ಯವೇನಲ್ಲವೆಂಬುದಕ್ಕೆ ನೆರೆಯಲ್ಲೇ ನಿದರ್ಶನವಿದೆ. ಕರ್ನಾಟಕದ ಗಡಿಗೆ ಅಂಟಿಕೊಂಡಿರುವ ಮೀರಜ್ ಪಟ್ಟಣದಲ್ಲಿ ಹತ್ತೊಂಬತ್ತನೆಯ ಶತಮಾನದ ನಡುಗಾಲದಿಂದ ಸಿತಾರ್, ತಂಬೂರಿಗಳ ತಯಾರಿಕೆ ನಡೆದುಬಂದಿದೆ. ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಕುಟುಂಬಗಳು ರಾಜಾಶ್ರಯದ ಯುದ್ಧಗಳು ಮುಗಿದ ಮೇಲೆ ವಾದ್ಯದ ಕೆಲಸಕ್ಕೆ ತಿರುಗಿದವು. 2024ರಲ್ಲಿ ಮೀರಜಿನ ಸಿತಾರಿಗೂ ತಂಬೂರಿಗೂ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರಕಿತು. ಧಾರವಾಡ, ಹುಬ್ಬಳ್ಳಿ, ಗದಗಗಳ ಹಿಂದೂಸ್ತಾನಿ ಗಾಯಕರ ಹಿಂದೆ ಕುಳಿತು ಶ್ರುತಿ ಹಿಡಿದ ತಂಬೂರಿಗಳಲ್ಲಿ ಹಲವು ಅಲ್ಲಿಂದಲೇ ಬಂದವು.

ಆ ತಂಬೂರಿಗಳ ಬುರುಡೆ ಮೀರಜಿನಲ್ಲಿ ಬೆಳೆಯುವುದಿಲ್ಲ. ಸೊಲ್ಲಾಪುರ ಜಿಲ್ಲೆಯ ಪಂಢರಪುರದ ಸುತ್ತಮುತ್ತ, ಭೀಮಾ ನದಿಯ ದಡದ ಹೊಲಗಳಲ್ಲಿ ರೈತರು ಅದನ್ನು ಬೆಳೆಯುತ್ತಾರೆ. ಅದು ಕಹಿ ಸೋರೆ. ಕಾಯಿಗಳು ನೆಲದ ಮೇಲೆಯೇ ಬಲಿಯುತ್ತವೆ, ಒಣಗಿ ಹಗುರಾದ ಮೇಲೆ ಗಾತ್ರ, ಆಕಾರ, ಸಿಪ್ಪೆಯ ದಪ್ಪ ನೋಡಿ ಆರಿಸಲ್ಪಡುತ್ತವೆ. ಕುಶಲಕರ್ಮಿ ಎಷ್ಟೇ ನಿಪುಣನಾದರೂ ವಾದ್ಯದ ಅರ್ಧ ಗುಣ ಹೊಲದಲ್ಲೇ ನಿರ್ಧಾರವಾಗಿರುತ್ತದೆ. ಸಿಪ್ಪೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳುವಾಗಿದ್ದರೆ, ಇಲ್ಲವೇ ಹುಳು ಕೊರೆದ ಗಾಯವಿದ್ದರೆ ಅದನ್ನು ಯಾವ ಉಳಿಯೂ ಸರಿಪಡಿಸಲಾರದು. ಬೆಳೆಗಾರ ವಾದ್ಯದ ಮೊದಲ ಕರ್ತೃ ಎಂಬುದು ಮೀರಜಿನ ಪಾಠ.

ಇನ್ನೊಂದು ಪಾಠವೂ ಇದೆ. ಹೆಸರಾಂತ ಒಂದು ಕಲೆ ನದಿದಡದ ಕೆಲವೇ ಹೊಲಗಳ ಮೇಲೆ ನಿಂತಿರುವುದು ಅಪಾಯದ ಸ್ಥಿತಿ. ಒಂದು ಪ್ರವಾಹ, ಒಂದು ಅಕಾಲ ಮಳೆ, ಕಬ್ಬಿನ ಆಸೆಗೆ ಹೊಲ ಬದಲಿಸಿದ ಕೆಲವು ರೈತರು, ಇಷ್ಟು ಸಾಕು ಬುರುಡೆಯ ಕೊರತೆಗೆ. ತಳಿ ಹಲವು ಊರುಗಳಲ್ಲಿ, ಹಲವು ಹವೆಗಳಲ್ಲಿ ಹಂಚಿಹೋಗಿದ್ದರೆ ಮಾತ್ರ ಅದಕ್ಕೆ ಭದ್ರತೆ.

ಮಲೆನಾಡಿನಲ್ಲಿ ಬೆಳೆಯುವ ಬಗೆ

ಬಯಲುನಾಡಿನ ಕ್ರಮವನ್ನು ಹಾಗೆಯೇ ಮಲೆನಾಡಿಗೆ ತರುವುದು ಸರಿಯಲ್ಲ. ಇಲ್ಲಿ ಮುಖ್ಯ ಶತ್ರು ಮಳೆ. ರೋಹಿಣಿ ಮಳೆಗೆ ಬಿತ್ತಿದ ಸೋರೆ ಚಪ್ಪರ ತುಂಬ ಹಬ್ಬೀತು, ಎಳೆಗಾಯಿಯನ್ನೂ ಕೊಟ್ಟೀತು. ಆದರೆ ಆಷಾಢ, ಶ್ರಾವಣದ ಜಡಿಮಳೆಯಲ್ಲಿ ಕಾಯಿ ಬಲಿಯುವ ಮೊದಲೇ ಕೊಳೆಯುತ್ತದೆ. ಎಲೆಗೆ ಬೂಜುರೋಗ ತಗಲುತ್ತದೆ. ಬುರುಡೆಗೆಂದು ಬೆಳೆಯುವವರು ಕಾಯಿ ಬಲಿಯುವ ಕಾಲ ಒಣಹವೆಯಲ್ಲಿ ಬೀಳುವಂತೆ ಲೆಕ್ಕ ಹಾಕಬೇಕು. ಬಿತ್ತನೆಯಿಂದ ಬುರುಡೆ ಬಲಿಯುವವರೆಗೆ ನಾಲ್ಕರಿಂದ ಐದು ತಿಂಗಳು ಬೇಕು. ಹಸ್ತ, ಚಿತ್ತೆ ಮಳೆಯ ವೇಳೆಗೆ, ಅಂದರೆ ಅಕ್ಟೋಬರ್ ಹೊತ್ತಿಗೆ ಬೀಜ ಹಾಕಿದರೆ ಡಿಸೆಂಬರಿನಲ್ಲಿ ಹೂ, ಜನವರಿಯಲ್ಲಿ ಪೂರ್ಣ ಗಾತ್ರದ ಕಾಯಿ, ಶಿವರಾತ್ರಿಯ ಆಚೀಚೆ ಗಟ್ಟಿ ಸಿಪ್ಪೆ. ಮುಂದೆ ಮಳೆಗಾಲದವರೆಗೆ ಒಣಗಲು ಬೇಕಾದಷ್ಟು ಬಿಸಿಲು.

ಬೀಜದ ಸಿಪ್ಪೆ ದಪ್ಪವಾದುದರಿಂದ ಒಂದು ರಾತ್ರಿ ನೀರಿನಲ್ಲಿ ನೆನೆಸಿ ಬಿತ್ತುವುದು ಒಳ್ಳೆಯದು. ಒಂದೂವರೆ ಅಡಿ ಅಗಲ, ಆಳದ ಗುಂಡಿಗೆ ಹಟ್ಟಿಗೊಬ್ಬರ, ಸುಟ್ಟ ಮಣ್ಣು, ಸ್ವಲ್ಪ ಬೂದಿ ತುಂಬಿ ಮೂರು ಬೀಜ ಊರಿ, ಮೊಳೆತ ಮೇಲೆ ಬಲವಾದುದೊಂದನ್ನು ಉಳಿಸಿಕೊಳ್ಳಬಹುದು. ಬಚ್ಚಲ ನೀರು ಹರಿಯುವ ಕಡೆಯಾದರೆ ಬೇಸಗೆಯ ನೀರಿನ ಚಿಂತೆಯೂ ಇಲ್ಲ. ಮುಖ್ಯ ಬಳ್ಳಿಯಲ್ಲಿ ಗಂಡು ಹೂಗಳೇ ಹೆಚ್ಚು. ಕವಲು ಬಳ್ಳಿಗಳಲ್ಲಿ ಹೆಣ್ಣು ಹೂ ಹೆಚ್ಚು. ಆದುದರಿಂದ ಬಳ್ಳಿ ಆಳೆತ್ತರ ಬೆಳೆದ ಮೇಲೆ ಅದರ ಕುಡಿ ಚಿವುಟಿದರೆ ಕವಲೊಡೆದು ಕಾಯಿ ಹೆಚ್ಚುತ್ತದೆ.

ಸೋರೆಯ ಬಿಳಿ ಹೂ ಸಂಜೆ ಅರಳಿ ಮರುದಿನ ಬೆಳಿಗ್ಗೆ ಬಾಡುತ್ತದೆ. ಪರಾಗ ಸಾಗಿಸುವುದರಲ್ಲಿ ಇರುಳಿನ ಪತಂಗಗಳ ಪಾತ್ರ ದೊಡ್ಡದು. ಸುತ್ತಲೂ ಕೀಟನಾಶಕ ಸಿಂಪಡಿಸುವ ತೋಟಗಳಿದ್ದು ಹೂ ಉದುರಿ ಕಾಯಿ ಕಚ್ಚದಿದ್ದರೆ, ಸಂಜೆ ಗಂಡು ಹೂವನ್ನು ಕಿತ್ತು ದಳ ಬಿಡಿಸಿ ಹೆಣ್ಣು ಹೂವಿನ ಶಲಾಕೆಗೆ ಸವರಬೇಕು. ಹೂವಿನ ಕೆಳಗೆ ಪುಟ್ಟ ಕಾಯಿ ಇದ್ದರೆ ಅದು ಹೆಣ್ಣು. ಈ ಕೆಲಸವನ್ನು ಐದನೆಯ ತರಗತಿಯ ಮಕ್ಕಳೂ ಮಾಡಬಲ್ಲರು. ಸಸ್ಯಶಾಸ್ತ್ರದ ಒಂದು ಅಧ್ಯಾಯ ಪುಸ್ತಕವಿಲ್ಲದೆ ಮುಗಿಯುತ್ತದೆ.

ಕಾಯಿ ಕಚ್ಚಿದ ಮೇಲೆ ಹಣ್ಣುನೊಣದ ಕಾಟ. ನೊಣ ಎಳೆಗಾಯಿಗೆ ಚುಚ್ಚಿ ಮೊಟ್ಟೆಯಿಟ್ಟರೆ ಕಾಯಿ ಕೊಳೆಯುತ್ತದೆ, ಉಳಿದರೂ ಸೊಟ್ಟಗಾಗುತ್ತದೆ. ಎರಡು ಮೂರು ವಾರ ಕಾಗದದ ಇಲ್ಲವೇ ತೆಳು ಬಟ್ಟೆಯ ಚೀಲ ಕಟ್ಟುವುದು ಸರಳ ಉಪಾಯ. ಕೊಳೆತ ಕಾಯಿಗಳನ್ನು ಆರಿಸಿ ಆಳವಾಗಿ ಹೂಳುವುದು ಅಷ್ಟೇ ಅಗತ್ಯ. ಎಳೆಗಾಯಿಗೆ ಉಗುರು ತಾಗಿದರೂ ಆ ಗೀರು ಕಾಯಿಯೊಡನೆ ಬೆಳೆದು ಬುರುಡೆಯ ಮೇಲೆ ಶಾಶ್ವತವಾಗಿ ನಿಲ್ಲುತ್ತದೆ. ಮಂಗಗಳಿರುವ ಊರಿನಲ್ಲಿ ಮನೆಯಂಗಳದ ಚಪ್ಪರವೇ ಕ್ಷೇಮ.

ಒಂದು ಬಳ್ಳಿಯಲ್ಲಿ ದೊಡ್ಡ ಬುರುಡೆಯಾದರೆ ಎರಡು ಮೂರು, ಪುಟ್ಟದಾದರೆ ಎಂಟು ಹತ್ತು ಕಾಯಿ ಬಿಟ್ಟರೆ ಸಾಕು. ತೂಗುವ ಕಾಯಿಗೆ ನೇರವಾದ ಕತ್ತು ಬರುತ್ತದೆ. ನೆಲದ ಮೇಲೆ ಹುಲ್ಲು ಹಾಸಿ ಕೂರಿಸಿದರೆ ತಳ ಚಪ್ಪಟೆಯಾಗುತ್ತದೆ. ಯಾವ ವಾದ್ಯ ಬೇಕು ಎಂಬುದನ್ನು ಬಳ್ಳಿಯಲ್ಲಿರುವಾಗಲೇ ನಿರ್ಧರಿಸಬೇಕು. ಕಾಯಿ ಸುಮಾರು ಒಂದು ತಿಂಗಳಲ್ಲಿ ಪೂರ್ಣ ಗಾತ್ರಕ್ಕೆ ಬರುತ್ತದೆ. ಸಿಪ್ಪೆ ಗಟ್ಟಿಯಾಗುವುದು ಆಮೇಲೆ. ಆಗ ಗೊಬ್ಬರ ನಿಲ್ಲಿಸಿ ನೀರು ಕಡಿಮೆ ಮಾಡಬೇಕು. ತೊಟ್ಟು ಕಂದು ಬಣ್ಣಕ್ಕೆ ತಿರುಗಿ, ಪಕ್ಕದ ಕುಡಿಬಳ್ಳಿ ಒಣಗಿದ ಮೇಲೆಯೇ ಕೊಯ್ಲು. ಅವಸರಪಟ್ಟು ಹಸಿಗಾಯಿ ಕೊಯ್ದರೆ ಒಣಗುವಾಗ ಸುಕ್ಕುಗಟ್ಟಿ ಕುಸಿಯುತ್ತದೆ.

ಕಹಿಯ ಪ್ರಶ್ನೆ

ಇಲ್ಲಿ ಮುಚ್ಚಿಡಬಾರದ ಒಂದು ಅಪಾಯವಿದೆ. ಸೋರೆಯ ಕಹಿಗೆ ಕಾರಣ ಕುಕುರ್ಬಿಟಾಸಿನ್ ಎಂಬ ರಾಸಾಯನಿಕ. ಕಹಿ ಸೋರೆಯ ರಸ ಕುಡಿದವರಲ್ಲಿ ತೀವ್ರ ವಾಂತಿ, ಜಠರದ ರಕ್ತಸ್ರಾವ, ಕೆಲವೊಮ್ಮೆ ಸಾವು ಸಂಭವಿಸಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿ ಈ ಪ್ರಕರಣಗಳನ್ನು ಪರಿಶೀಲಿಸಿತು; 2012ರಲ್ಲಿ ಪ್ರಕಟವಾದ ಅದರ ವರದಿಯ ಸಾರ ಇಷ್ಟು: ಕಹಿಯಾದ ಸೋರೆಯ ರಸವನ್ನು ಕುಡಿಯಲೇಬಾರದು.

ಕಹಿ ತಳಿಯ ಪರಾಗ ಸಿಹಿ ತಳಿಯ ಹೂವಿಗೆ ಬಿದ್ದರೆ ಆ ವರ್ಷದ ಕಾಯಿ ಕಹಿಯಾಗುವುದಿಲ್ಲ, ಏಕೆಂದರೆ ತಿರುಳು ತಾಯಿಗಿಡದ್ದು. ಆದರೆ ಅದರ ಬೀಜ ಬಿತ್ತಿದ ಮರುವರ್ಷ ಕಾಯಿ ಕಹಿಯಾಗಬಹುದು. ನೋಡಲು ಊಟದ ಸೋರೆಯಂತೆಯೇ ಇರುತ್ತದೆ. ಬೀಜೋತ್ಪಾದನೆಯ ನಿಯಮಗಳಲ್ಲಿ ಸೋರೆಯ ಎರಡು ತಳಿಗಳ ನಡುವೆ ಕನಿಷ್ಠ 500 ಮೀಟರ್ ಅಂತರ ಹೇಳಿದೆ. ಮೂಲ ಬೀಜಕ್ಕಾದರೆ 1,000 ಮೀಟರ್. ಒತ್ತಾಗಿ ಮನೆಗಳಿರುವ ಕೇರಿಯಲ್ಲಿ ಈ ಅಂತರ ಸಿಗುವುದು ಕಷ್ಟ. ಹೀಗಾಗಿ ಮೂರು ಕಟ್ಟುಪಾಡು ಅಗತ್ಯ. ಒಂದು, ಊಟದ ಸೋರೆಗೂ ಬುರುಡೆಯ ಸೋರೆಗೂ ಬೀಜ ತೆಗೆಯುವ ಹೂಗಳನ್ನು ಸಂಜೆಯೇ ಕೈಯಿಂದ ಪರಾಗಸ್ಪರ್ಶ ಮಾಡಿ ಚೀಲ ಕಟ್ಟಿ ಗುರುತು ಹಾಕಬೇಕು. ಎರಡು, ಬುರುಡೆಯ ಬಳ್ಳಿಯ ಎಳೆಗಾಯಿಯನ್ನು ಅಡುಗೆಮನೆಗೆ ಒಯ್ಯಬಾರದು. ಮೂರು, ಯಾವ ಸೋರೆಯಾದರೂ ಹೆಚ್ಚುವ ಮೊದಲು ಒಂದು ಚೂರು ನಾಲಗೆಗೆ ತಾಗಿಸಿ, ಕಹಿಯೆನಿಸಿದರೆ ಉಗುಳಿ, ಕಾಯಿಯನ್ನು ಎಸೆಯಬೇಕು. ಅಜ್ಜಿಯಂದಿರು ಈ ಮೂರನೆಯದನ್ನು ಯಾರೂ ಹೇಳಿಕೊಡದೆ ಮಾಡುತ್ತಿದ್ದರು. ಕಹಿಗೆ ಹೆದರಿ ತಳಿಯನ್ನು ಬಿಡಬೇಕಿಲ್ಲ. ತಿಳಿದು ನಡೆದರೆ ಸಾಕು. ವಿಷವಿದೆಯೆಂದು ಯಾರೂ ಕಾಸರಕನ ಮರವನ್ನು ಕಾಡಿನಿಂದ ಹೊರಹಾಕಲಿಲ್ಲ.

ಬುರುಡೆಯಿಂದ ನಾದದವರೆಗೆ

ಕೊಯ್ದ ಕಾಯಿಯಲ್ಲಿ ಬಹುಪಾಲು ನೀರೇ. ಗಾಳಿಯಾಡುವ ನೆರಳಿನಲ್ಲಿ, ಒಂದಕ್ಕೊಂದು ತಾಗದಂತೆ ತೂಗುಹಾಕಿದರೆ ಗಾತ್ರವನ್ನನುಸರಿಸಿ ಎರಡರಿಂದ ಆರು ತಿಂಗಳಲ್ಲಿ ಒಣಗುತ್ತದೆ. ಮೇಲೆ ಬೂಷ್ಟು ಬಂದರೆ ಗಾಬರಿ ಬೇಡ. ಮೆತ್ತಗಾಗದಿದ್ದರೆ ಒರೆಸಿ ಬಿಡಬಹುದು. ಮಳೆಗಾಲ ಸಮೀಪಿಸಿದರೆ ಅಡಕೆ ಒಣಗಿಸುವ ಅಟ್ಟವೋ ಒಲೆಯ ಮೇಲಿನ ಅಟ್ಟವೋ ಇದ್ದೇ ಇದೆ. ಹಿರಿಯರು ಬುರುಡೆಯನ್ನು ಹೊಗೆಯಲ್ಲಿಟ್ಟುದಕ್ಕೆ ಕಾರಣ ಹುಳು ತಿನ್ನದಿರಲೆಂಬುದೂ ಹೌದು. ಅಲ್ಲಾಡಿಸಿದಾಗ ಬೀಜ ಗಲಗಲ ಎಂದರೆ ಒಣಗಿತೆಂದು ತಿಳಿಯಬೇಕು. ಒದ್ದೆ ಬಟ್ಟೆ ಸುತ್ತಿಟ್ಟು ಮೇಲ್ಪೊರೆಯನ್ನು ತೆಂಗಿನ ನಾರಿನಿಂದ ಉಜ್ಜಿದರೆ ಕೆಳಗಿನ ಹೊಂಬಣ್ಣ ಕಾಣುತ್ತದೆ. ಕೊಯ್ಯುವಾಗ, ಉಜ್ಜುವಾಗ ಏಳುವ ಒಣಧೂಳು ಗಂಟಲಿಗೂ ಶ್ವಾಸಕೋಶಕ್ಕೂ ಕೆಡುಕು. ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದು ಕಡ್ಡಾಯ.

ಎಲ್ಲಕ್ಕಿಂತ ಸುಲಭದ ವಾದ್ಯ ಗಿಲಕಿ. ಪುಟ್ಟ ಬುರುಡೆಯನ್ನು ಕೊಯ್ಯದೆ ಹಾಗೆಯೇ ಹಿಡಿದು ಅಲ್ಲಾಡಿಸಿದರೆ ಮುಗಿಯಿತು. ಏಕತಾರಿಗೆ ಸ್ವಲ್ಪ ಶ್ರಮ ಬೇಕು. ದುಂಡು ಬುರುಡೆಯ ಒಂದು ಬದಿಯನ್ನು ಸಣ್ಣ ಹಲ್ಲಿನ ಗರಗಸದಿಂದ ವೃತ್ತಾಕಾರವಾಗಿ ಕೊಯ್ದು, ಬೀಜ ತಿರುಳು ತೆಗೆದು, ನೆನೆಸಿದ ಆಡಿನ ಚರ್ಮವನ್ನು ಬಿಗಿದು ಒಣಗಿಸಬೇಕು. ಎರಡೂ ಪಕ್ಕ ತೂತು ಕೊರೆದು ಬಲಿತ ಬಿದಿರಿನ ಕೋಲು ತೂರಿಸಿ, ಕೋಲಿನ ಮೇಲ್ತುದಿಗೆ ಮರದ ಬಿರಡೆ ಸಿಕ್ಕಿಸಿ, ಅಲ್ಲಿಂದ ಕೆಳತುದಿಯವರೆಗೆ ಉಕ್ಕಿನ ತಂತಿ ಎಳೆಯಬೇಕು. ಚರ್ಮದ ನಡುವೆ ಪುಟ್ಟ ಮರದ ಕುದುರೆ ನಿಲ್ಲಿಸಿ ಅದರ ಮೇಲೆ ತಂತಿ ಹಾಯಿಸಿದರೆ ವಾದ್ಯ ಸಿದ್ಧ. ತೆಳುವಾದ ತಂತಿ ತಾನೊಂದೇ ಕಂಪಿಸಿದರೆ ಅದು ಕದಲಿಸುವ ಗಾಳಿ ಅತ್ಯಲ್ಪ. ಕುದುರೆ ಆ ಕಂಪನವನ್ನು ಚರ್ಮಕ್ಕೆ ದಾಟಿಸುತ್ತದೆ, ಚರ್ಮ ಬುರುಡೆಯೊಳಗಿನ ಗಾಳಿಯನ್ನು ಕದಲಿಸುತ್ತದೆ. ಬುರುಡೆ ದೊಡ್ಡದಾದಷ್ಟು ಅನುರಣನ ಮಂದ್ರಕ್ಕೆ ಇಳಿಯುತ್ತದೆ. ಬಾಯಿ ಅಗಲವಾದಷ್ಟು ಮೇಲಕ್ಕೇರುತ್ತದೆ. ಭೌತಶಾಸ್ತ್ರದ ಈ ನಿಯಮವನ್ನು ಮೂರು ಗಾತ್ರದ ಬುರುಡೆ ಇಟ್ಟುಕೊಂಡು ಊದಿಯೇ ಮಕ್ಕಳಿಗೆ ತೋರಿಸಬಹುದು.

ಚರ್ಮದ ಮಾತು ಬಂದಾಗ ಒಂದು ಎಚ್ಚರ. ಕರಾವಳಿಯ ಗುಮಟೆಗೆ ಹಿಂದೆ ಉಡದ ಚರ್ಮ ಬಳಸುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಉಡ ಅತ್ಯುನ್ನತ ರಕ್ಷಣೆ ಪಡೆದ ಪ್ರಾಣಿ. ಪರಂಪರೆಯ ಹೆಸರಿನಲ್ಲಿ ಅದನ್ನು ಕೊಲ್ಲುವುದು ತಪ್ಪೂ ಹೌದು, ಅಪರಾಧವೂ ಹೌದು. ಆಡಿನ ಚರ್ಮ ಸಾಲದಿದ್ದರೆ ತೆಳುವಾದ ಮರದ ಹಲಗೆಯೂ ನುಡಿಯುತ್ತದೆ.

ಆಕ್ಷೇಪಗಳಿಗೆ ಉತ್ತರ

ಫೈಬರ್ ಗಾಜಿನ ಬುರುಡೆ ಒಡೆಯುವುದಿಲ್ಲ, ಹುಳು ತಿನ್ನುವುದಿಲ್ಲ, ಅಂಗಡಿಯಲ್ಲಿ ಸಿಗುತ್ತದೆ. ಹೀಗಿರುವಾಗ ಈ ತಾಪತ್ರಯವೇಕೆ ಎಂಬ ಪ್ರಶ್ನೆ ಸಹಜ. ಊರೂರು ತಿರುಗಿ ಕಛೇರಿ ಮಾಡುವ ವೈಣಿಕರು ಹಾಗೆ ಆರಿಸಿಕೊಂಡರೆ ಆಕ್ಷೇಪಿಸುವುದು ನ್ಯಾಯವಲ್ಲ. ಸರಸ್ವತಿ ವೀಣೆಯ ಎರಡನೆಯ ಬುರುಡೆ ಈಗ ಬಹುತೇಕ ಕಾಗದದ ರೊಟ್ಟಿನದೋ ಫೈಬರಿನದೋ ಆಗಿದೆ. ಆದರೆ ಒಡೆದ ಸೋರೆ ಗೊಬ್ಬರದ ಗುಂಡಿಗೆ ಸೇರುತ್ತದೆ, ಒಡೆದ ಫೈಬರ್ ಎಲ್ಲಿಯೂ ಸೇರುವುದಿಲ್ಲ. ಒಂದು ಒಡೆದರೆ ಮುಂದಿನ ವರ್ಷ ಹತ್ತು ಕಾಯಿ ಬಿಡುವ ಬೇರೊಂದು ವಾದ್ಯಸಾಮಗ್ರಿ ಪ್ರಪಂಚದಲ್ಲಿಲ್ಲ. ಮರದ ಲೆಕ್ಕವನ್ನೂ ನೋಡಬೇಕು. ಬೀಟೆ ಸೇರಿದಂತೆ ಡಾಲ್ಬರ್ಜಿಯಾ ಕುಲದ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 2017ರಲ್ಲಿ ನಿಯಂತ್ರಣ ಬಂದಿತು. ವಾದ್ಯಕ್ಕೆ ಒದಗುವ ಬೀಟೆ, ಹಲಸು ಬೆಳೆಯಲು ಒಂದು ಮನುಷ್ಯಾಯುಷ್ಯ ಬೇಕು. ಸೋರೆಗೆ ಐದು ತಿಂಗಳು. ಕಲಿಯುವ ಮಕ್ಕಳ ಕೈಗೆ ಮರ ಕಡಿದ ವಾದ್ಯಕ್ಕಿಂತ ಬಳ್ಳಿಯ ವಾದ್ಯ ಹೆಚ್ಚು ಒಪ್ಪುತ್ತದೆ.

ತಿನ್ನಲಾಗದ ಬೆಳೆಗೆ ಜಾಗವೆಲ್ಲಿ ಎಂಬುದು ಎರಡನೆಯ ಪ್ರಶ್ನೆ. ಇದಕ್ಕೆ ಗದ್ದೆ ಬೇಕಿಲ್ಲ, ತೋಟ ಬೇಕಿಲ್ಲ. ಬೇಲಿ, ಹಟ್ಟಿಯ ಮಾಡು, ಒಣಗಿದ ಮರ, ಗೊಬ್ಬರಗುಂಡಿಯ ಅಂಚು ಸಾಕು.

ಮೂರನೆಯ ಪ್ರಶ್ನೆ ಇದರಿಂದ ಎಷ್ಟು ಗಳಿಸಬಹುದು ಎಂಬುದು. ಇಲ್ಲಿಯೇ ಹೆಚ್ಚಿನ ವಿವೇಕ ಬೇಕು. 2003-04ರ ಸುಮಾರಿಗೆ ವೆನಿಲ್ಲಾದ ಬೆಲೆ ಗಗನಕ್ಕೇರಿದಾಗ ಮಲೆನಾಡಿನ ಎಷ್ಟೋ ಮನೆಗಳು ಸಾಲ ಮಾಡಿ ಬಳ್ಳಿ ನೆಟ್ಟವು. ಕೆಲವೇ ವರ್ಷಗಳಲ್ಲಿ ಬೆಲೆ ನೆಲಕಚ್ಚಿತು. ಆ ಗಾಯ ಇನ್ನೂ ಮಾಸಿಲ್ಲ. ಸೋರೆಯನ್ನು ಇನ್ನೊಂದು ವೆನಿಲ್ಲಾ ಮಾಡಬಾರದು. ಬುರುಡೆಯ ದೀಪ, ಬುರುಡೆಯ ಅಲಂಕಾರ ವಸ್ತು, ವಾದ್ಯ ಮಾರಿ ನಾಲ್ಕು ಕಾಸು ಬಂದರೆ ಬರಲಿ. ಮಹಿಳಾ ಸಂಘಗಳಿಗೆ ಅದರಿಂದ ಅನುಕೂಲವಾದೀತು. ಆದರೆ ಎಕರೆಗಟ್ಟಲೆ ಬೆಳೆದು ಕೊಳ್ಳುವವರಿಗಾಗಿ ಕಾಯುವುದು ಈ ಪ್ರಯತ್ನದ ಗುರಿಯಾಗಕೂಡದು. ಮೊದಲು ಮನೆಗೆ, ಆಮೇಲೆ ಶಾಲೆಗೆ, ಮಿಕ್ಕರೆ ಪೇಟೆಗೆ ಎಂಬ ಕ್ರಮವೇ ಕ್ಷೇಮಕರ.

ಆಗಬೇಕಾದುದು

ಕೆಲಸ ಅಟ್ಟದಿಂದ ಆರಂಭವಾಗಬೇಕು. ಪ್ರತಿ ಊರಿನ ವಿದ್ಯಾರ್ಥಿಗಳು ತಮ್ಮ ಅಜ್ಜ ಅಜ್ಜಿಯರನ್ನು ಕೇಳಿ ಮನೆಯಲ್ಲಿ ಉಳಿದ ಬುರುಡೆಗಳ ಆಕಾರ, ಬಳಕೆ, ತಳಿಯ ಹೆಸರುಗಳನ್ನು ಬರೆದಿಡಬಹುದು. ಒಳಗೆ ಬೀಜವಿದ್ದರೆ ಒಡೆಯದೆ ಸಣ್ಣ ತೂತಿನಿಂದ ತೆಗೆದು ಮೊಳಕೆ ಪರೀಕ್ಷೆ ಮಾಡಬಹುದು. ಗ್ರಾಮ ಪಂಚಾಯಿತಿಗಳ ಜೀವವೈವಿಧ್ಯ ದಾಖಲಾತಿಯಲ್ಲಿ ಈ ತಳಿಗಳು ಸೇರಬೇಕು. 2002ರ ಜೀವವೈವಿಧ್ಯ ಕಾಯಿದೆ ಅದಕ್ಕೆ ಅವಕಾಶ ಕೊಟ್ಟಿದೆ. ಬೀಜ ಮೇಳಗಳಲ್ಲಿ ಭತ್ತ, ಬದನೆಗಳ ಪಕ್ಕದಲ್ಲಿ 'ಬುರುಡೆಗೆ ಮಾತ್ರ, ತಿನ್ನಬಾರದು' ಎಂಬ ಚೀಟಿಯೊಡನೆ ಸೋರೆಬೀಜಕ್ಕೂ ಒಂದು ತಟ್ಟೆ ಇರಲಿ. ಶಾಲೆಯ ಕೈತೋಟದಲ್ಲಿ ಎರಡು ಬಳ್ಳಿ ಹಬ್ಬಿದರೆ ಒಂದು ತರಗತಿಗೆ ಸಾಲುವಷ್ಟು ಗಿಲಕಿ, ಒಂದೆರಡು ಏಕತಾರಿ ಸಿಕ್ಕೀತು. ಕಿನ್ನರಿ, ಏಕತಾರಿ ನುಡಿಸುವ ಹಿರಿಯ ಕಲಾವಿದರನ್ನು ವೇದಿಕೆಯ ಮೇಲೆ ಕೂರಿಸಿ ಹಾರ ಹಾಕುವುದರ ಜೊತೆಗೆ, ವಾದ್ಯ ಕಟ್ಟುವುದನ್ನು ಮಕ್ಕಳಿಗೆ ಕಲಿಸಲು ಒಂದು ವಾರ ಊರಿನಲ್ಲಿ ಇರಿಸಿಕೊಳ್ಳುವುದು ಅವರಿಗೆ ಸಲ್ಲುವ ನಿಜವಾದ ಗೌರವ.

ಕೊಂಡು ತಂದ ವಾದ್ಯದ ಬೆಲೆ ಮಕ್ಕಳಿಗೆ ತಿಳಿಯುವುದು ರೂಪಾಯಿಯಲ್ಲಿ. ತಾವೇ ಬೀಜ ಊರಿ, ಸಂಜೆ ಹೂ ಮುಟ್ಟಿಸಿ, ನೊಣದಿಂದ ಕಾಪಾಡಿ, ತಿಂಗಳುಗಟ್ಟಲೆ ಒಣಗಲು ಕಾದು ತಂತಿ ಬಿಗಿದ ವಾದ್ಯದ ಬೆಲೆ ತಿಳಿಯುವುದು ಬೇರೆ ರೀತಿಯಲ್ಲಿ. ಇರುಳಿನ ಪತಂಗವಿಲ್ಲದೆ ಕಾಯಿಯಿಲ್ಲ, ಕಾಯಿಯಿಲ್ಲದೆ ನಾದವಿಲ್ಲ ಎಂಬುದು ಅವರಿಗೆ ಭಾಷಣವಿಲ್ಲದೆ ಅರ್ಥವಾಗುತ್ತದೆ. ಪರಿಸರ ಶಿಕ್ಷಣಕ್ಕೆ ಇದಕ್ಕಿಂತ ಅಗ್ಗದ ಪಠ್ಯ ದೊರೆಯಲಾರದು.

ಹಸ್ತ ಮಳೆ ಬರುವ ಮೊದಲು ಯಾರಾದರೊಬ್ಬರು ಅಟ್ಟ ಹತ್ತಿ ಆ ಕಪ್ಪು ಬುರುಡೆಯನ್ನು ಕೆಳಗಿಳಿಸಿ, ಕಿವಿಯ ಬಳಿ ಹಿಡಿದು ಅಲ್ಲಾಡಿಸಲಿ. ಒಳಗೆ ಬೀಜದ ಸದ್ದು ಕೇಳಿದರೆ ಗುಂಡಿ ತೋಡಲು ಅಷ್ಟು ಸಾಕು.